ಬಾಗಿಲ ಕೆಳಗಿನ ಸೀರೆ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಬಾಗಿಲ ಕೆಳಗಿನ ಸಂದಿಗೆ. ಗೋಡೆಯ ಬಣ್ಣ, ಸೋಫಾ, ಶೋಕೇಸು ಎಲ್ಲ ಆಮೇಲೆ. ಬೆರಳು ತೂರುವಷ್ಟು ಸಂದಿದ್ದರೆ ಅಲ್ಲಿಂದ ಎಷ್ಟು ಗಾಳಿ ಬಂದೀತು, ಅದನ್ನು ಮುಚ್ಚಲು ಎಷ್ಟು ದಪ್ಪದ ಬಟ್ಟೆ ಬೇಕಾದೀತು ಎಂದು ತಲೆ ತನ್ನ ಪಾಡಿಗೆ ಅಂದಾಜು ಮಾಡುತ್ತಿರುತ್ತದೆ. ನನ್ನ ಗಂಡ ಇದನ್ನು ಹುಚ್ಚು ಎನ್ನುತ್ತಾನೆ. ಹುಚ್ಚೋ ಬೆಪ್ಪೋ, ಅದು ನನಗೆ ಅಂಟಿದ್ದು ಗಾಜಿಯಾಬಾದಿನ ನಮ್ಮ ಮನೆಯಿಂದ. ಅದನ್ನು ಮನೆ ಎನ್ನುವುದೂ ದೊಡ್ಡ ಮಾತೇ. ಮುಂದೆ ಅಪ್ಪನ ವರ್ಕ್‌ಶಾಪು, ಅದರ ಬೆನ್ನಿಗೆ ಎರಡು ಕೋಣೆ, ಅಲ್ಲಿ ನಾವು. ಬೀದಿಗೆ ಹೋಗಬೇಕೆಂದರೆ ವರ್ಕ್‌ಶಾಪನ್ನು ಹಾದು ಶಟರ್ ದಾಟಿಯೇ ಹೋಗಬೇಕು, ಬೇರೆ ದಾರಿಯಿಲ್ಲ. ಹಿಂದಿನ ಗೋಡೆಗೆ ಒಂದು ಕಿಟಕಿಯಿತ್ತು, ಅದರಾಚೆ ಕೊಳಚೆಯ ನಾಲಾ. ಆ ಕಿಟಕಿಗೆ ಅಪ್ಪ ತಗಡು ಬಡಿದು ಮುಚ್ಚಿಬಿಟ್ಟಿದ್ದರು. ಬಂದವರು ಕೇಳಿದರೆ ನಾಲಾದ ವಾಸನೆಗೆ ಎನ್ನುತ್ತಿದ್ದೆವು. ನಿಜವಾದ ಕಾರಣ ಬೇರೆಯೇ ಇತ್ತು.

ಅಪ್ಪ ಮಾಡುತ್ತಿದ್ದದ್ದು ಆಯಿಲ್ ಪ್ಯಾನು, ಅಂದರೆ ಕಾರಿನ ಇಂಜಿನ್ನಿನ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ ಎಣ್ಣೆಯ ತೊಟ್ಟಿ. ಅಲ್ಲಿಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಚೇಂಬರ್. ಹಾಗಾಗಿ ಇಡೀ ಗಲ್ಲಿಗೆ ನಮ್ಮಪ್ಪ ‘ಚೇಂಬರ್‌ವಾಲೆ ಅಂಕಲ್’. ಆಫೀಸಿಗೆ ಹೋಗಿಬರುವ ಕಾರಿಗೆ ಕಂಪನಿಯವರು ಕೊಟ್ಟ ಚೇಂಬರೇ ಧಾರಾಳ. ರೇಸಿನ ಹುಚ್ಚು ಹತ್ತಿದವರ ಕಾರಿಗೆ ಅದು ಸಾಲದು. ಆ ವೇಗದಲ್ಲಿ ಗಕ್ಕನೆ ತಿರುಗಿಸಿದಾಗ ಎಣ್ಣೆಯೆಲ್ಲ ಒಂದು ಮೂಲೆಗೆ ನುಗ್ಗುತ್ತದೆ, ಪಂಪಿನ ಬಾಯಿಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಇಂಜಿನ್ ಖಲಾಸ್. ಹಾಗಾಗದಿರಲೆಂದು ಅಪ್ಪ ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ಬಗ್ಗಿಸಿ, ಒಳಗೆ ಅಡ್ಡಗೋಡೆ ನಿಲ್ಲಿಸಿ, ಆ ಗೋಡೆಗಳಿಗೆ ಪುಟ್ಟ ಪುಟ್ಟ ಬಾಗಿಲು ಕೂರಿಸಿ, ಒಂದೊಂದು ಕಾರಿಗೂ ಅದರದೇ ಅಳತೆಯ ಚೇಂಬರ್ ಮಾಡಿಕೊಡುತ್ತಿದ್ದರು. ದಕ್ಷಿಣ ದೆಹಲಿಯ, ಗುಡಗಾಂವಿನ ಹುಡುಗರು ನಮ್ಮ ಇಕ್ಕಟ್ಟಿನ ಗಲ್ಲಿಗೆ ಕಾರು ತೂರಿಸಿಕೊಂಡು ಬಂದು, ಗುಂಡಿಗೆ ತಳ ತಾಗಿತೆಂದು ಬೈದುಕೊಳ್ಳುತ್ತ ಇಳಿಯುತ್ತಿದ್ದರು. ಅಪ್ಪ ದೆಹಲಿಗೆ ಬಂದದ್ದು ಒಂದು ಸರ್ಕಾರಿ ವರ್ಕ್‌ಶಾಪಿನ ವೆಲ್ಡರ್ ಆಗಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರಿಗೆ ಸರ್ಕಾರಿ ನೌಕರಿ ದಕ್ಕೀತೇ? ಸಾಹೇಬರ ಜೊತೆ ಜಗಳ ಮಾಡಿಕೊಂಡು ಬಿಟ್ಟು ಬಂದರು. ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿಯೂ ಅದರ ಜೊತೆಗೇ ಹೋಯಿತು. ಅಮ್ಮ ತನ್ನ ತವರನ್ನಾದರೂ ಒಂದೊಂದು ದಿನ ಮರೆಯುತ್ತಿದ್ದಳು, ಆ ಬಾಲ್ಕನಿಯನ್ನು ಮರೆತವಳಲ್ಲ.

ಅಲ್ಯೂಮಿನಿಯಂ ಬೆಸೆಯುವವನಿಗೆ ಗಾಳಿಯೇ ಶತ್ರು. ಲೋಹ ಕರಗುವ ಜಾಗದ ಸುತ್ತ ಒಂದು ಗ್ಯಾಸು ಹರಿಯುತ್ತಿರುತ್ತದೆ, ಹೊರಗಿನ ಗಾಳಿ ಸೋಕದಂತೆ ಕಾಯುವುದು ಅದರ ಕೆಲಸ. ಎಲ್ಲಿಂದಲೋ ಒಂದೆಳೆ ಗಾಳಿ ಬೀಸಿ ಆ ಗ್ಯಾಸು ಚದುರಿತೋ, ಬೆಸುಗೆಯೊಳಗೆ ಗುಳ್ಳೆ ಕೂರುತ್ತದೆ, ಗುಳ್ಳೆ ತೂತಾಗುತ್ತದೆ, ತೂತಿನಿಂದ ಎಣ್ಣೆ ಜಿನುಗುತ್ತದೆ. ಆದ್ದರಿಂದ ಅಪ್ಪ ಕೆಲಸಕ್ಕೆ ಕೂತರೆಂದರೆ ಶಟರ್ ಕೆಳಗೆ, ನಡುವಿನ ಬಾಗಿಲು ಬಂದ್, ಆ ಕಡೆ ಈ ಕಡೆ ಫ್ಯಾನು ಬಂದ್. ತಗಡು ಬಡಿದ ಕಿಟಕಿಯ ಗುಟ್ಟೂ ಇದೇ. ಜೊತೆಗೆ, ಹಿಡಿದ ಚೇಂಬರನ್ನು ಒಂದೇ ಪಟ್ಟಿಗೆ ಕೂತು ಮುಗಿಸಬೇಕು, ನಡುವೆ ಬಿಟ್ಟರೆ ಅಂಚು ಸೊಟ್ಟಗಾಗುತ್ತದೆ ಎಂಬುದು ಅವರ ಹಟ. ಬೆಳಿಗ್ಗೆ ಮುಚ್ಚಿದ ಬಾಗಿಲು ತೆರೆಯುವುದು ಹೊತ್ತು ಇಳಿದ ಮೇಲೆ. ಕರೆಂಟ್ ಇಲ್ಲದಾಗ ಹೇಗೂ ಫ್ಯಾನಿಲ್ಲ. ಕರೆಂಟ್ ಬಂತೆಂದರೆ ಅಪ್ಪನಿಗೆ ವೆಲ್ಡಿಂಗ್ ಮೆಷಿನ್ ನೆನಪು, ಆಗಲೂ ಫ್ಯಾನಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಮ್ಮಪ್ಪ. ಗಲ್ಲಿಯ ಮಕ್ಕಳೆಲ್ಲ ‘ಲೈಟ್ ಆ ಗಯೀ’ ಎಂದು ಕರೆಂಟ್ ಬಂದ ಖುಷಿಗೆ ಕುಣಿಯುವಾಗ ಮುಖ ಗಂಟು ಹಾಕಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಈಗ ಅದೇ ಅಪ್ಪ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಏಪ್ರಿಲ್ ಬರುವ ಮೊದಲೇ ಏಸಿ ಹಾಕು ಎಂದು ನನ್ನ ಪ್ರಾಣ ತಿನ್ನುತ್ತಾರೆ.

ಕೆಲಸ ಶುರು ಎನ್ನುವುದಕ್ಕೆ ಅಪ್ಪ ಕಬ್ಬಿಣದ ಮೇಜಿನ ಮೇಲೆ ಸುತ್ತಿಗೆಯಿಂದ ಟಣ್ಣೆಂದು ಹೊಡೆಯುತ್ತಿದ್ದರು. ಆ ಸದ್ದಿಗೆ ಅಮ್ಮ ಕೈಲಿದ್ದದ್ದನ್ನು ಬಿಟ್ಟು ಏಳುತ್ತಿದ್ದಳು. ಫ್ಯಾನು ಆರಿಸಿ, ಮೂಲೆಯಲ್ಲಿದ್ದ ಹಳೆಯ ಇಳಕಲ್ ಸೀರೆಯ ಸುರುಳಿ ತಂದು, ಮಂಡಿಯೂರಿ, ಬಾಗಿಲ ಕೆಳಗಿನ ಸಂದಿಗೆ ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಒತ್ತಿ ತುರುಕುತ್ತಿದ್ದಳು. ಮೂಲೆಗಳಲ್ಲಿ ಇನ್ನೊಂದಿಷ್ಟು ಬಿಗಿ. ಇಳಕಲ್ಲಿನದು ಗಟ್ಟಿ ನೇಯ್ಗೆ, ಗಾಳಿ ಬಿಡುವುದಿಲ್ಲ ಎಂದು ಅಪ್ಪ ಹೊಗಳುತ್ತಿದ್ದರು. ಉಟ್ಟಾಗ ಒಂದು ದಿನವೂ ಚೆನ್ನಾಗಿದೆ ಎನ್ನದವರು ಬಾಗಿಲಿಗೆ ಉಡಿಸಿದ ಮೇಲೆ ಹೊಗಳುತ್ತಾರೆ ಎಂದು ಅಮ್ಮ ನನ್ನ ಹತ್ತಿರ ಗೊಣಗುತ್ತಿದ್ದಳು. ಆ ಬಾಗಿಲಿಗೆ ನಮ್ಮ ಕಡೆಯೂ ಚಿಲಕವಿರಲಿಲ್ಲ, ಅಪ್ಪನ ಕಡೆಯೂ ಇರಲಿಲ್ಲ. ಬೇಕೆನಿಸಿದರೆ ಯಾರು ಬೇಕಾದರೂ ತಳ್ಳಬಹುದಿತ್ತು. ಆದರೆ ಯಾರೂ ತಳ್ಳುತ್ತಿರಲಿಲ್ಲ. ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆಯೇ ನಾವಿಬ್ಬರೂ ಅಂಗಾತ ಮಲಗುತ್ತಿದ್ದೆವು. ಬಾಗಿಲ ಪಕ್ಕದ ಕೂದಲೆಳೆಯಷ್ಟು ಬಿರುಕಿನಿಂದ ಬೆಸುಗೆಯ ನೀಲಿ ಬೆಳಕು ಸೂರಿನ ಮೇಲೆ ನಡುಗುತ್ತಿತ್ತು. ನನಗೆ ಉಸಿರು ಕಟ್ಟಿದಂತಾಗಿ ಎದೆ ಹೊಡೆದುಕೊಳ್ಳುತ್ತಿತ್ತು.

“ಅಮ್ಮ, ಬಹುತ್ ಗರ್ಮಿ ಹೈ. ಬಾಗಿಲು ಥೋಡಾಸಾ ತೆಗೀಲಾ?”

“ಸುಮ್ನೆ ಬಿದ್ಕೊಳೇ. ಮಾತಾಡಿದಷ್ಟೂ ಸೆಕೆ.”

ಬೆಸುಗೆ ಮುಗಿದು ತಣ್ಣಗಾದ ಚೇಂಬರ್ ಆಮೇಲೆ ಅಮ್ಮನ ಪಾಲಿಗೆ ಬರುತ್ತಿತ್ತು. ವರ್ಕ್‌ಶಾಪಿನಲ್ಲಿ ಲೋಹ ಉಜ್ಜಿದ ಧೂಳು, ಹಾಗಾಗಿ ಸೋರುತ್ತದೆಯೋ ಇಲ್ಲವೋ ನೋಡುವುದು ನಮ್ಮ ಕೋಣೆಯಲ್ಲೇ. ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ, ಅಪ್ಪ ಸೀಮ್ ಎನ್ನುವ ಬೆಸುಗೆಯ ಗೆರೆಗೆ ಹೊರಗಡೆಯಿಂದ ಬಳಿದು, ಒಣಗಿದ ಮೇಲೆ ಒಳಗೆ ಸೀಮೆಎಣ್ಣೆ ತುಂಬಿಸಿ ಇಡುವುದು. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಬಿಳಿಯ ಸುಣ್ಣದ ಮೇಲೆ ಒದ್ದೆಯ ಚುಕ್ಕೆ ಮೂಡುತ್ತದೆ. ವರ್ಷಗಟ್ಟಲೆ ಬೆಸುಗೆಯ ಬೆಳಕು ನೋಡಿದ ಅಪ್ಪನ ಕಣ್ಣಿಗೆ ಆ ಚುಕ್ಕೆ ಕಾಣುತ್ತಿರಲಿಲ್ಲ, ಅಮ್ಮನ ಕಣ್ಣಿಗೆ ತಪ್ಪುತ್ತಿರಲಿಲ್ಲ. ಅವಳು ಬೆರಳಿಟ್ಟು ತೋರಿಸಿದ ಕಡೆ ಅಪ್ಪ ಎದುರು ಮಾತಾಡದೆ ಮತ್ತೆ ಬೆಸೆಯುತ್ತಿದ್ದರು. ಇನ್ನು ಯಾವ ವಿಷಯದಲ್ಲೂ ಅವಳಿಗೆ ಆ ಮರ್ಯಾದೆ ಇರಲಿಲ್ಲ. ಸೀಮೆಎಣ್ಣೆ ಮನೆಯೊಳಗಿರುವಷ್ಟು ಹೊತ್ತು ಒಲೆ ಹಚ್ಚುವ ಹಾಗಿಲ್ಲ, ದೇವರಿಗೆ ದೀಪವೂ ಇಲ್ಲ. ಊಟಕ್ಕೆ ಮೊಸರವಲಕ್ಕಿ, ಒಗ್ಗರಣೆ ಕಾಣದ ಕೋಸಂಬರಿ. ಊರವರ ಏಕಾದಶಿ ಪಂಚಾಂಗ ನೋಡಿಕೊಂಡು ಬಂದರೆ ನಮ್ಮದು ಸೀಮೆಎಣ್ಣೆ ನೋಡಿಕೊಂಡು ಬರುತ್ತಿತ್ತು. ಒಂದು ಸಲ ಗೌರಿಹಬ್ಬದ ದಿನವೇ ಚೇಂಬರ್ ಬಂದು ಕೂತಿತು. ಗೌರಿಯನ್ನು ಕತ್ತಲಲ್ಲೇ ಕೂರಿಸಿ ಬಾಗಿನ ಇಟ್ಟ ಅಮ್ಮ, ಗಣೇಶ ನೀರಿಗೆ ಹೋಗುವವರೆಗೆ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಆ ಪುಟ್ಟ ಬಾಗಿಲುಗಳ ಮರ್ಮವನ್ನು ಅಪ್ಪ ನನಗೆ ತೋರಿಸಿಕೊಟ್ಟದ್ದು ಒಂದು ಭಾನುವಾರ. ಮುಗಿದ ಚೇಂಬರಿಗೆ ನೀರು ಹುಯ್ದು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಓರೆ ಮಾಡಿದರು, ಬಲಕ್ಕೆ ಓರೆ ಮಾಡಿದರು. ಅಂಚಿನ ನೀರೆಲ್ಲ ಬಾಗಿಲು ನೂಕಿಕೊಂಡು ನಡುವಿನ ಗೂಡಿಗೆ ನುಗ್ಗಿತು. ಅಲ್ಲಿಂದ ಈಚೆ ಬರಲು ಹೋದಾಗ ಬಾಗಿಲುಗಳು ತಮ್ಮಷ್ಟಕ್ಕೆ ಮುಚ್ಚಿಕೊಂಡವು. ಎಷ್ಟು ಅಲುಗಿಸಿದರೂ ನಡುವಿನ ನೀರು ನಡುವೆಯೇ. ಅಪ್ಪನ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡದ್ದು ಅಪರೂಪ. ನಾನೂ ಚಪ್ಪಾಳೆ ತಟ್ಟಿದೆ. ಅಪ್ಪ ಎಷ್ಟು ಜಾಣರು ಎಂದು ನಿಜಕ್ಕೂ ಹೆಮ್ಮೆಯಾಯಿತು.

“ನೋಡು ಪುಟ್ಟಿ, ಒಳಗೆ ಬರೋದಕ್ಕೆ ಅಡ್ಡಿಯಿಲ್ಲ. ಹೊರಗೆ ಹೋಗೋ ಹಾಗಿಲ್ಲ. ಅದಕ್ಕೇ ಇಂಜಿನ್ ಬದುಕತ್ತೆ.”

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮ ತಲೆ ಎತ್ತಲಿಲ್ಲ.

“ಇಂಜಿನ್ ಬದುಕತ್ತೆ ಸರಿ. ಎಣ್ಣೇನ ಯಾರಾದ್ರೂ ಕೇಳಿದೀರಾ?”

ಅಪ್ಪ ನಕ್ಕರು, ನಾನೂ ನಕ್ಕೆ. ಅಮ್ಮ ನಗಲಿಲ್ಲ.

ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಮಯೂರ್ ವಿಹಾರದ ಗಿರಿಜಾ ಆಂಟಿಯ ಮನೆಗೆ ಗೊಂಬೆ ನೋಡಲು ಹೋಗುತ್ತಿದ್ದೆವು. ಅವರು ನಮ್ಮ ಕ್ವಾರ್ಟರ್ಸ್ ಕಾಲದ ನೆರೆಯವರು, ಆಗ ಓಖ್ಲಾದ ಒಂದು ಬಟ್ಟೆ ರಫ್ತು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆ ಸಲ ಅವರು ಹೊಸ ಕುರ್ತಾ ತೊಟ್ಟು ಕೋಸಂಬರಿ ಹಂಚುತ್ತಿರುವಾಗ ಅಮ್ಮ ಅವರ ತೋಳು ಹಿಡಿದು, ಇಲ್ಲೊಂದು ಹೊಲಿಗೆ ತಪ್ಪಿದೆ ಎಂದಳು. ಆಂಟಿ ಕನ್ನಡಕ ಹಾಕಿಕೊಂಡು ಹುಡುಕಿದರೂ ಕಾಣಲಿಲ್ಲ. ಅಮ್ಮ ಉಗುರಿನಲ್ಲಿ ಎತ್ತಿ ತೋರಿಸಿದಳು. ಆಂಟಿ ಅಲ್ಲೇ ತಟ್ಟೆ ಕೆಳಗಿಟ್ಟು, ನಮ್ಮ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸುವವರು ಬೇಕಾಗಿದ್ದಾರೆ, ಬರುತ್ತೀಯಾ ಎಂದು ಕೇಳಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು ಅಮ್ಮ. ಮೆಟ್ರೋದಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಅಂಗೈ ಬೆವರಿತ್ತು. ಮನೆಯಲ್ಲಿ ಆ ಮಾತು ಎತ್ತುವುದಕ್ಕೆ ಚಳಿಗಾಲ ಕಳೆಯಬೇಕಾಯಿತು. ಎತ್ತಿದ ಮೇಲೆ ಜಗಳವೂ ಆಗಲಿಲ್ಲ. ಜಗಳವಾದರೆ ಒಂದು ತೀರ್ಮಾನವಾದರೂ ಆಗುತ್ತದೆ. ಅಪ್ಪ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸುಣ್ಣ ಬಳಿಯುವವರು ಯಾರು, ಮಗು ಸ್ಕೂಲಿನಿಂದ ಬಂದರೆ ನೋಡುವವರು ಯಾರು ಎಂದು ಗೋಡೆಗೆ ಹೇಳಿದಂತೆ ಹೇಳಿ ಊಟದ ತಟ್ಟೆಗೆ ಕೈ ಹಾಕುತ್ತಿದ್ದರು. ಅಮ್ಮನಿಗೆ ಅದು ನುಂಗಲಾರದ ಉಗುಳಲಾರದ ಬಿಸಿ ತುಪ್ಪವಾಯಿತು. ಕೊನೆಗೆ ಒಂದು ದಿನ ಗಿರಿಜಾ ಆಂಟಿ ಫೋನ್ ಮಾಡಿ, ನಾಳೆ ಹನ್ನೊಂದು ಗಂಟೆಗೆ ಬಂದು ನಮ್ಮ ಮ್ಯಾನೇಜರನ್ನು ಕಾಣು, ಇನ್ನು ನಿನಗೋಸ್ಕರ ಕಾಯುವುದಿಲ್ಲವಂತೆ ಎಂದರು. ರಾತ್ರಿ ಬಡಿಸುವಾಗ ಅಮ್ಮ ಅದನ್ನು ಅಪ್ಪನಿಗೆ ಹೇಳಿದಳು. ಅಪ್ಪ ಹ್ಞೂಂ ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ರಜದ ದಿನಗಳು, ಬಿಸಿಗಾಳಿಯ ಕಾಲ. ಹಿಂದಿನ ದಿನವೆಲ್ಲ ಕರೆಂಟ್ ಇರಲಿಲ್ಲ. ಇಸ್ತ್ರಿ ಮಾಡಲಾಗದೆ ಅಮ್ಮ ತನ್ನ ಹಸಿರು ಸೀರೆಯನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟುಕೊಂಡು ಅದರ ಮೇಲೆ ಮಲಗಿದ್ದಳು. ಬೆಳಿಗ್ಗೆ ಬೇಗ ಅಡುಗೆ ಮುಗಿಸಿ, ಸ್ನಾನ ಮಾಡಿ, ಅದನ್ನುಟ್ಟು ಕನ್ನಡಿಯ ಮುಂದೆ ನಿಂತು ಪಿನ್ ಚುಚ್ಚಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಫ್ಯಾನು ತಾನಾಗಿ ತಿರುಗತೊಡಗಿತು. ಕರೆಂಟ್ ಬಂದಿತ್ತು. ಅಮ್ಮ ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಕಡೆ ಶಟರ್ ಗಡಗಡನೆ ಇಳಿಯಿತು, ಟಣ್ಣೆಂದಿತು ಸುತ್ತಿಗೆ. ಸಾಹ್ನಿ ಎಂಬ ಹುಡುಗನ ಚೇಂಬರ್ ಅದು. ಭಾನುವಾರ ಅವನ ರೇಸು, ಎರಡು ದಿನದಿಂದ ಫೋನಿನ ಮೇಲೆ ಫೋನು. ಅಪ್ಪ ನಮ್ಮ ವಿಷಯ ಮರೆತಿದ್ದರೋ, ಬೇಕೆಂದೇ ಸುತ್ತಿಗೆ ಹೊಡೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮನೂ ಯಾವತ್ತೂ ಕೇಳಿದ ಹಾಗಿಲ್ಲ.

ನನಗೆ ಇಂದಿಗೂ ಸಂಕಟವಾಗುವುದು ಆಮೇಲಿನದನ್ನು ನೆನೆದಾಗ. ಸುತ್ತಿಗೆಯ ಸದ್ದು ಕೇಳಿ ಅಮ್ಮ, ಸೀರೆಗೆ ಪಿನ್ ಪೂರ್ತಿ ಹಾಕಿಕೊಳ್ಳದೆಯೇ, ಹೋಗಿ ಫ್ಯಾನು ಆರಿಸಿದಳು. ಇಳಕಲ್ ಸುರುಳಿ ತಂದಳು. ಹಸಿರು ಸೀರೆಯ ನೆರಿಗೆ ಮಣ್ಣಾಗದಂತೆ ಎತ್ತಿ ಹಿಡಿದು, ಮಂಡಿಯೂರಿ, ಈ ತುದಿಯಿಂದ ಆ ತುದಿಯವರೆಗೆ ತುರುಕಿದಳು. ಮೂಲೆಗಳಲ್ಲಿ ಇನ್ನೊಂದಿಷ್ಟು ಬಿಗಿ. ಆಮೇಲೆ ಕುರ್ಚಿಯ ಮೇಲೆ ಕೂತಳು, ಮೊದಲ ಸಲ ಯಾರದೋ ಮನೆಗೆ ಬಂದವಳ ಹಾಗೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಮುಖದ ಪೌಡರು ಕರಗಿ ಕತ್ತಿಗಿಳಿಯಿತು, ಬೆನ್ನಿನ ಮೇಲೆ ರವಿಕೆ ಕಪ್ಪಾಯಿತು. ಸ್ಟೇಷನ್ನು ನಮಗೆ ದೂರವಿರಲಿಲ್ಲ, ರೈಲಿನ ಕೂಗು ಕೇಳುತ್ತಿತ್ತು. ಓಖ್ಲಾಗೆ ಹೋಗುವ ಲೋಕಲ್ ಯಾವ ಹೊತ್ತಿಗೆಂದು ಅವಳಿಗೆ ತಿಂಗಳುಗಳಿಂದ ಬಾಯಿಪಾಠ. ಒಂದು ಕೂಗು ಕೇಳಿದಾಗ ಅವಳ ಬೆರಳು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದದ್ದು ಕಂಡೆ. ಆ ಟ್ರೈನು ಹೋಯಿತು. ಇನ್ನೊಂದಿತ್ತು. ಅದು ತಪ್ಪಿದರೆ ಎಲ್ಲ ಮುಗಿದಂತೆ ಎಂದು ನನಗೂ ಗೊತ್ತಿತ್ತು.

ಅವಳು ಎದ್ದಳು. ಬಾಗಿಲ ಮುಂದೆ ಬಗ್ಗಿ ಸೀರೆಯ ಸುರುಳಿಯನ್ನು ಒಂದೇ ಸಲಕ್ಕೆ ಎಳೆದು ಪಕ್ಕಕ್ಕೆ ಹಾಕಿದಳು. ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು ಬಾಗಿಲು ತಳ್ಳಿದಳು. ನನಗೆ ಗೊತ್ತಿದ್ದಂತೆ ಬೆಸುಗೆ ನಡೆಯುವಾಗ ಆ ಬಾಗಿಲು ತೆರೆದದ್ದು ಅದೇ ಮೊದಲು. ನೀಲಿ ಬೆಳಕು ಕೋಣೆಗೆಲ್ಲ ಹೊಡೆದು ತಟ್ಟನೆ ಆರಿತು. ಅಪ್ಪ ಮುಖವಾಡ ಮೇಲೆತ್ತಿ ನಮ್ಮನ್ನು ನೋಡಿದರು. ಅವರ ಅಂಗಿಯೂ ಬೆವರಿಗೆ ಮೈಗಂಟಿತ್ತು, ಆ ಮುಚ್ಚಿದ ಶಟರಿನ ಹಿಂದೆ ಅವರೂ ನಮ್ಮಂತೆಯೇ ಬೇಯುತ್ತಿದ್ದರು.

“ಸೀಮ್ ಕೆಟ್ಟುಹೋಯ್ತು. ಇನ್ನು ಸ್ವಲ್ಪ ಹೊತ್ತು ಕಾಯೋಕಾಗ್ತಿರ್ಲಿಲ್ವಾ?”

“ಕಾದೆ ರೀ. ಟ್ರೈನು ಕಾಯಲ್ಲ.”

ಅಷ್ಟು ಹೇಳಿ ಅಮ್ಮ ಅಲ್ಯೂಮಿನಿಯಂ ಚೂರುಗಳ ನಡುವೆ ಕಾಲಿಟ್ಟುಕೊಂಡು ಶಟರಿನವರೆಗೆ ಹೋದಳು. ಅದು ಅವಳೊಬ್ಬಳ ಕೈಲಿ ಎತ್ತಲಾಗದ ಭಾರ, ಮೇಲಾಗಿ ಕೆಳಗಂಚಿನ ತುಂಬ ಗ್ರೀಸು. ಅವಳು ಸೆರಗನ್ನು ಒತ್ತಿ ಹಿಡಿದು ಅದರ ಮುಂದೆ ನಿಂತಳು. ಈಗ ಅಪ್ಪ ಕೂಗಾಡುತ್ತಾರೆ ಎಂದು ನಾನು ಬಾಗಿಲ ಹಿಂದೆ ಅವಿತುಕೊಂಡೆ. ಅಪ್ಪ ಕೈಗವಸು ಕಳಚಿ ಮೇಜಿನ ಮೇಲಿಟ್ಟರು, ಹೋಗಿ ಬಗ್ಗಿ ಶಟರನ್ನು ಅವಳ ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದರು. ಸೀರೆಗೆ ಗ್ರೀಸು ತಾಗೀತು, ನೋಡಿಕೊಂಡು ಹೋಗು ಎಂದರು. ಬಿಸಿಗಾಳಿ ಧೂಳಿನ ಸಮೇತ ಒಳಗೆ ನುಗ್ಗಿತು. ಅಮ್ಮ ತಿರುಗಿ ನೋಡದೆ ಬಿರಬಿರನೆ ನಡೆದು ಗಲ್ಲಿಯ ತಿರುವಿನಲ್ಲಿ ಮರೆಯಾದಳು.

ಅವಳು ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು ಆ ಸೀಮನ್ನು ತೋರಿಸಿದರು. ಮುಂಚಿನ ಭಾಗ ನುಣ್ಣಗೆ ಬೆಳ್ಳಿಯ ಸರದ ಹಾಗಿತ್ತು. ಬಾಗಿಲು ತೆರೆದ ಜಾಗದಿಂದ ಕಪ್ಪಾಗಿ, ಇಡ್ಲಿಯ ಮೈಯಂತೆ ತೂತು ತೂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದರು, ಸಿಟ್ಟಿಲ್ಲದ ದನಿಯಲ್ಲಿ. ಆಮೇಲೆ ಅಷ್ಟನ್ನೂ ಉಜ್ಜಿ ತೆಗೆಯಲು ಕೂತರು. ಅವರ ಕೈ ಅಷ್ಟು ನಿಧಾನವಾದದ್ದನ್ನು ನಾನು ಮೊದಲು ನೋಡಿರಲಿಲ್ಲ. ಅಮ್ಮನ ಮೇಲೆ ನನಗೆ ಹೆಮ್ಮೆಯಾಗಿತ್ತು, ಆದರೆ ಆ ತೂತುಗಳಿಂದ ಕಣ್ಣು ಕೀಳಲಾಗಲಿಲ್ಲ. ಒಬ್ಬರ ಗಾಳಿ ಇನ್ನೊಬ್ಬರ ಕೆಲಸಕ್ಕೆ ತೂತಾದರೆ ಮಗಳಾದವಳು ಯಾರ ಕಡೆ ನಿಲ್ಲಬೇಕು? ಅಪ್ಪನಿಗೆ ಒಂದು ಲೋಟ ನೀರು ತಂದುಕೊಟ್ಟೆ.

ಸಂಜೆ ಅಮ್ಮ ಬಂದಾಗ ಅವಳ ಕೈಲಿ ಸಮೋಸಾದ ಪೊಟ್ಟಣವಿತ್ತು. ಕೆಲಸ ಸಿಕ್ಕಿತ್ತು. ಅಪ್ಪ ಸಮೋಸಾ ತಿಂದರು, ಒಳ್ಳೆಯದಾಯಿತು ಎಂದರು. ಸಾಹ್ನಿಯ ಚೇಂಬರಿಗೆ ಸುಣ್ಣ ಬಳಿಯುವವರು ಯಾರು ಎಂಬ ಮಾತು ಬಂದಾಗ ಇಬ್ಬರೂ ನನ್ನ ಕಡೆ ನೋಡಿದರು. ಆ ಹೊತ್ತಿಗೆ ನನಗೂ ಬ್ರಷ್ ಹಿಡಿಯಲು ಬರುತ್ತಿತ್ತು. ಮಾಡುತ್ತೇನೆ ಎಂದೆ. ಅಮ್ಮ ಪೊಟ್ಟಣದ ಕಾಗದವನ್ನು ಮಡಿಸುತ್ತ ಮಡಿಸುತ್ತ ಪುಟ್ಟದು ಮಾಡಿದಳು.

ಅಮ್ಮ ಮೊದಲ ಸಲ ಕೆಲಸಕ್ಕೆ ಹೊರಟ ದಿನ ಬೆಳಗಿನಿಂದಲೇ ಕರೆಂಟ್ ಇತ್ತು. ಅಪ್ಪ ಸುತ್ತಿಗೆ ಹಿಡಿದು, ಅವಳು ಹೋಗಲೆಂದು ಕಾಯುತ್ತ ಮೇಜಿನ ಬಳಿ ನಿಂತಿದ್ದರು. ಅಮ್ಮ ಡಬ್ಬಿ ಚೀಲಕ್ಕೆ ಹಾಕಿಕೊಂಡಳು, ಮೂಲೆಯಲ್ಲಿದ್ದ ಇಳಕಲ್ ಸುರುಳಿಯನ್ನು ಕಾಲಿನಿಂದ ಮಂಚದ ಕೆಳಗೆ ನೂಕಿದಳು. ಬಾಗಿಲಲ್ಲಿ ನಿಂತು ನನ್ನ ಗಲ್ಲ ಹಿಡಿದು, ಆ ಕಡೆಗೆ ಕೇಳದ ಹಾಗೆ ಹೇಳಿದಳು.

“ಸುತ್ತಿಗೆ ಹೊಡೆದ್ರೆ ಹೊಡೀಲಿ. ನೀನು ಸೀರೆ ಗೀರೆ ತುರುಕಬೇಡ. ಫ್ಯಾನ್ ಹಾಕ್ಕೊಂಡು ಕೂತ್ಕೊ. ತಿಳೀತಾ?”

ತಿಳಿಯಿತು ಎಂದು ತಲೆಯಾಡಿಸಿದೆ. ಅವಳು ಹೋದಳು. ಶಟರ್ ಇಳಿಯಿತು, ಟಣ್ಣೆಂದಿತು. ಕೋಣೆಯಲ್ಲಿ ನಾನೊಬ್ಬಳೇ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ತಣ್ಣನೆಯ ಗಾಳಿ ಕತ್ತಿಗೆ ತಾಗುತ್ತಿತ್ತು, ಹಾಯೆನಿಸುತ್ತಿತ್ತು. ಆ ಕಡೆ ಅಪ್ಪ ಕೆಮ್ಮಿದರು. ಇನ್ನೂ ಬೆಸುಗೆಯ ಬೆಳಕು ಹೊತ್ತಿರಲಿಲ್ಲ, ಅವರು ಕಾಯುತ್ತಿದ್ದರು. ತುರುಕು ಎಂದು ಅವರು ಹೇಳಲಿಲ್ಲ. ಅವರು ಯಾವತ್ತೂ ಹೇಳಿದ್ದಿಲ್ಲ. ನಾನು ಎದ್ದು ಫ್ಯಾನು ಆರಿಸಿದೆ. ಮಂಚದ ಕೆಳಗೆ ಕೈ ಚಾಚಿ ಸುರುಳಿಯನ್ನು ಎಳೆದುಕೊಂಡೆ, ಮಂಡಿಯೂರಿದೆ, ಈ ತುದಿಯಿಂದ ಆ ತುದಿಯವರೆಗೆ ಒತ್ತುತ್ತ ಹೋದೆ. ಮೂಲೆಗಳಲ್ಲಿ ಇನ್ನೊಂದಿಷ್ಟು ಬಿಗಿ.